ಮೂರನೆಯ ಸರ್ಸಿಂಗಲ್

ಲಾಂಗ್ ಲೈನಿಂಗ್‌ಗೆ (ನೆಲದ ಮೇಲೆ ನಿಂತು, ಲೈನು ಎನ್ನುವ ಎರಡು ಉದ್ದ ಲಗಾಮುಗಳಿಂದ ಕುದುರೆಯನ್ನು ಪಳಗಿಸುವುದಕ್ಕೆ) ಬೇಕಾದ ಚರ್ಮದ ಸರ್ಸಿಂಗಲ್ಲನ್ನು, ಅಂದರೆ ಬೆನ್ನು-ಎದೆ ಸುತ್ತಿ ಕಟ್ಟುವ, ಲೈನು ತೂರಿಸಲು ರಿಂಗುಗಳಿರುವ ಪಟ್ಟಿಯನ್ನು, ಕಾನ್ಪುರಕ್ಕೆ ಅಳತೆ ಕಳುಹಿಸಿ ಮಾಡಿಸುತ್ತೇನೆಂದು ನಾನು ಹೇಳಿದಾಗ ನಮ್ಮ ಲಾಯದಲ್ಲಿ ಯಾರೂ ಒಪ್ಪಿರಲಿಲ್ಲ. ಕುದುರೆ ನೋಡಿಕೊಳ್ಳುವ ಹಿರಿಯ ಸಯೀಸ್ ಒಬ್ಬರು, "ಜಟಕಾ ಕುದುರೆಗೆ ಕಟ್ಟೋ ಸಾಮಾನನ್ನ ರೇಸ್ ಕುದುರೆಗೆ ಕಟ್ತೀನಿ ಅಂತೀರಲ್ಲ ಸಾರ್, ಅದೂ ಇಷ್ಟು ದುಡ್ಡು ಸುರಿದು" ಎಂದು ನಕ್ಕುಬಿಟ್ಟರು. ಆ ಸರ್ಸಿಂಗಲ್ ಈಗ ಮೈಸೂರಿನ ನಾಲ್ಕು ಮಳೆಗಾಲಗಳನ್ನು ಕಂಡಿದೆ. ಅದರ ಒಂದು ಹೊಲಿಗೆಯೂ ಬಿಟ್ಟಿಲ್ಲವಾದ್ದರಿಂದ, ಅಲ್ಲಿಯವರೆಗೆ ನಾನು ಮಾಡಿದ ತಪ್ಪುಗಳನ್ನು ಬರೆದಿಡುವ ಧೈರ್ಯ ಬಂದಿದೆ.

ಕುದುರೆ ರೇಸಿನಿಂದ ನಿವೃತ್ತಿಯಾಗಿ ಬಂದ ಥರೋಬ್ರೆಡ್ ಹೆಣ್ಣು. ಚೂಪಾಗಿ ಎದ್ದ ವಿದರ್ಸ್ (ಕುತ್ತಿಗೆ ಬೆನ್ನಿಗೆ ಸೇರುವಲ್ಲಿನ ಉಬ್ಬು), ಅದರ ಹಿಂದೆ ಎರಡೂ ಬದಿಗೆ ಮಾಂಸವಿಲ್ಲದ ತಗ್ಗು, ಎದೆಯ ಸುತ್ತಳತೆ ಸುಮಾರು 73 ಅಂಗುಲ. ಮೊದಲು ಕೊಂಡ ಸರ್ಸಿಂಗಲ್‌ಗೆ ನಾನು ಕೊಟ್ಟದ್ದು ನಾಲ್ಕೂವರೆ ಸಾವಿರ. ಅದನ್ನು ಬಗ್ಗಿಸಿದರೆ ಮೇಲ್ಮೈ ಹಳೆಯ ಬಾಗಿಲಿನ ಬಣ್ಣದಂತೆ ಸುಕ್ಕಾಗುತ್ತಿತ್ತು. ಅಂದರೆ ಚರ್ಮದ ಕೆಳಪದರಕ್ಕೆ ಪ್ಲಾಸ್ಟಿಕ್ ಲೇಪ ಬಳಿದ ಮಾಲು ಎಂಬುದು ನನಗೆ ಅಂದೇ ಹೊಳೆಯಬೇಕಿತ್ತು. ಏಳೆಂಟು ವಾರಗಳಲ್ಲಿ ಪಟ್ಟಿಯ ದುಂಡು ತೂತುಗಳು ಉದ್ದವಾದವು. ಆದರೆ ನನ್ನನ್ನು ನಿಜವಾಗಿ ಕೆಡಿಸಿದ್ದು ಅದರ ಚರ್ಮವಲ್ಲ, ಬಿಗಿಯುವ ತೂತುಗಳು ಎಡಬದಿಯಲ್ಲಿ ಮಾತ್ರ ಇದ್ದದ್ದು. ಪ್ರತಿ ಸಲ ಬಿಗಿದಾಗಲೂ ಇಡೀ ಪ್ಯಾಡ್ ಎಡಕ್ಕೆ ಜಗ್ಗಿ, ಎಡಗಡೆಯ ರಿಂಗು ಬಲಗಡೆಯದಕ್ಕಿಂತ ಸುಮಾರು ಮೂರು ಅಂಗುಲ ಕೆಳಗೆ ಬಂದು ನಿಲ್ಲುತ್ತಿತ್ತು. ಬಲಕ್ಕೆ ತಿರುಗುವಾಗ ಕುದುರೆ ಸೆಟೆದುಕೊಳ್ಳುತ್ತದೆಂದು ನಾನು ಎರಡು ತಿಂಗಳು ಅದನ್ನೇ ತಿದ್ದುತ್ತಾ ಕುಳಿತೆ. ಸೆಟೆದದ್ದು ಕುದುರೆಯಲ್ಲ, ನನ್ನ ಲೈನು.

ಎರಡನೆಯದು ವಿದೇಶದ್ದು. ತೆರಿಗೆ, ಸಾಗಣೆ ಎಲ್ಲ ಸೇರಿ ನಲವತ್ತು ಸಾವಿರದ ಹತ್ತಿರ ಬಿತ್ತು. ಚರ್ಮದ ವಿಷಯದಲ್ಲಿ ಇಂದಿಗೂ ಒಂದು ಮಾತಾಡಲಾರೆ, ಅಷ್ಟು ಚೆನ್ನಾಗಿತ್ತು. ಆದರೆ ಅದನ್ನು ಅಗಲ ಬೆನ್ನಿನ ವಾರ್ಮ್‌ಬ್ಲಡ್ ಕುದುರೆಗಾಗಿ ಮಾಡಿದ್ದರಿಂದ, ಪ್ಯಾನೆಲ್‌ಗಳ (ಬೆನ್ನಿನ ಎರಡೂ ಬದಿಗೆ ಕೂರುವ ಮೆತ್ತೆಗಳ) ನಡುವಿನ ಕಾಲುವೆ ನಮ್ಮ ಕುದುರೆಯ ಬೆನ್ನೆಲುಬಿನ ಮೇಲೆಯೇ ಕೂರುತ್ತಿತ್ತು. ಕೆಲಸ ಮುಗಿಸಿ ಬಿಚ್ಚಿದಾಗ ಸುತ್ತಲೂ ಬೆವರು, ವಿದರ್ಸ್‌ನ ಪಕ್ಕದಲ್ಲಿ ಮಾತ್ರ ಅಂಗೈಯಷ್ಟು ಒಣಗಿದ ಜಾಗ. ಒತ್ತಡ ಎಲ್ಲಿ ಬೀಳುತ್ತಿದೆಯೆಂದು ಹೇಳಲು ಅದಕ್ಕಿಂತ ಸಾಕ್ಷಿ ಬೇಡ. ಒಂದರ ಮೇಲೊಂದು ಎರಡು ಪ್ಯಾಡ್ ಹಾಕಿ ಎತ್ತರಿಸಿದ್ದು ನನ್ನ ಇನ್ನೊಂದು ಮೂರ್ಖತನ. ಒಂದು ಬೆಳಿಗ್ಗೆ ಹೊರಗಿನ ಲೈನು ಜೋರಾಗಿ ಎಳೆದಾಗ ಎಲ್ಲವೂ ಹೊಟ್ಟೆಯ ಕಡೆಗೆ ಸುತ್ತಿಕೊಂಡು, ಕುದುರೆ ಪಕ್ಕದ ಸೀಬೆ ತೋಟದ ಬೇಲಿ ಮುರಿದುಕೊಂಡು ಓಡಿತು. ಪಶುವೈದ್ಯರಿಗೂ ಬೇಲಿಗೂ ಸೇರಿ ಒಂಬತ್ತು ಸಾವಿರ ಕೊಟ್ಟೆ. ಸರ್ಸಿಂಗಲ್ಲನ್ನು ಇಪ್ಪತ್ತೈದು ಸಾವಿರಕ್ಕೆ ಮಾರಿದೆ.

ಅದಾದ ಮೇಲೆ ಅಂಗಡಿಯ ಸೈಜನ್ನು ನಂಬುವುದನ್ನು ಬಿಟ್ಟೆ. ದಪ್ಪ ಅಲ್ಯೂಮಿನಿಯಂ ತಂತಿಯನ್ನು ಭುಜದ ಮೂಳೆಯ ಹಿಂದೆ ಒಂದು ಅಂಗೈ ಬಿಟ್ಟು ಬೆನ್ನಿನ ಮೇಲೆ ಒತ್ತಿ, ಅದೇ ಆಕಾರವನ್ನು ರಟ್ಟಿನ ಮೇಲಿಳಿಸಿ ಕತ್ತರಿಸಿ, ಆ ರಟ್ಟನ್ನೇ ಕಾನ್ಪುರದ ಒಂದು ಸಣ್ಣ ಕಾರ್ಖಾನೆಗೆ ಕೊರಿಯರ್ ಮಾಡಿದೆ. ತೊಗಟೆಯಲ್ಲಿ ಹದ ಮಾಡಿದ ಹಾರ್ನೆಸ್ ಚರ್ಮವೇ ಆಗಬೇಕು, ಪಟ್ಟಿಗಳನ್ನು ಬೆನ್ನಿನ ಭಾಗದಿಂದಲೇ ಕತ್ತರಿಸಬೇಕು, ತೂತುಗಳು ಎರಡೂ ಕಡೆ ಇದ್ದು ಹೊಟ್ಟೆಯ ಕೆಳಗೆ ಬಿಗಿಯುವ ಪಟ್ಟಿ, ಅಂದರೆ ತಂಗು, ಬೇರೆಯಾಗಿರಬೇಕು ಎಂದು ಬರೆದೆ. ಹೊಟ್ಟೆಯ ಭಾಗದ ಚರ್ಮ ಎಷ್ಟೇ ದಪ್ಪವಿದ್ದರೂ ಎಳೆದಷ್ಟು ಹಿಗ್ಗುತ್ತದೆ. ದಪ್ಪ ನೋಡಿ ಗಟ್ಟಿಯೆಂದು ತೀರ್ಮಾನಿಸುವವರು ಮೋಸಹೋಗುವುದು ಇಲ್ಲಿಯೇ. ಹೊಲಿಗೆ ಎರಡು ಸೂಜಿಯ ಕೈಹೊಲಿಗೆಯೇ ಆಗಬೇಕೆಂದು ಹಟ ಹಿಡಿದೆ. ಯಂತ್ರದ ಹೊಲಿಗೆಯಲ್ಲಿ ಒಂದು ಎಳೆ ಸವೆದು ಹೋದರೆ ಅಕ್ಕಪಕ್ಕದವೂ ಸಡಿಲವಾಗುತ್ತಾ ಹೋಗುತ್ತವೆ. ಕೈಹೊಲಿಗೆಯಲ್ಲಿ ಹೋದದ್ದು ಹೋದಷ್ಟೇ.

ಮೊದಲ ಸಲ ಬಂದ ಮಾಲನ್ನು ಹಿಂದಿರುಗಿಸಿದೆ. ರಿಂಗುಗಳಿಗೆ ಅಯಸ್ಕಾಂತ ಹಿಡಿದರೆ ಟಕ್ಕೆಂದು ಅಂಟಿಕೊಂಡಿತು. ಒಳಗೆ ಕಬ್ಬಿಣ, ಮೇಲೆ ನಿಕ್ಕಲ್. ಎರಡನೆಯ ಸಲ ಅಯಸ್ಕಾಂತ ಅಂಟಲಿಲ್ಲವಾದರೂ ನನಗೆ ಸಮಾಧಾನವಾಗಲಿಲ್ಲ, ಏಕೆಂದರೆ ಅಚ್ಚಿಗೆ ಸುರಿದ ಸತುವಿಗೂ ಅಯಸ್ಕಾಂತ ಅಂಟುವುದಿಲ್ಲ. ಹಿಂಬದಿಯಲ್ಲಿ ಅರದಿಂದ ಒಂದು ಗೀರು ಎಳೆದಾಗ ಹಳದಿ ಕಂಡಿತು, ಹಿತ್ತಾಳೆ ಎಂದು ಖಾತ್ರಿಯಾಯಿತು. ಒಟ್ಟು ಖರ್ಚು, ಎರಡು ಕಡೆಯ ಕೊರಿಯರ್ ಸೇರಿ, ಹದಿನೈದು ಸಾವಿರದ ಆಸುಪಾಸು.

ರಿಂಗಿನ ಎತ್ತರವನ್ನು ಮಾತ್ರ ನಾನು ಕಾಗದದ ಮೇಲಲ್ಲ, ಕುದುರೆಯ ಮೇಲೆ ಕಲಿತೆ. ನಡುವೆ ಕುತೂಹಲಕ್ಕೆ ಹಳೆಯ ಜಟಕಾದ ಬೆನ್ನುಪಟ್ಟಿಯೊಂದನ್ನು ಐನೂರು ರೂಪಾಯಿಗೆ ತಂದು ಕಟ್ಟಿ ನೋಡಿದ್ದೆ. ಅದರ ರಿಂಗುಗಳು ನೆತ್ತಿಯಲ್ಲಿರುವುದರಿಂದ, ವೃತ್ತದಲ್ಲಿ ಓಡಿಸುವಾಗ ಹೊರಗಿನ ಲೈನು ಪೃಷ್ಠವನ್ನು ಬಿಟ್ಟು ಬೆನ್ನಿನ ಮೇಲೇರುತ್ತಿತ್ತು. ಗಾಡಿಗೆ ಅದು ಸರಿ, ನಮ್ಮ ಕೆಲಸಕ್ಕೆ ಅಲ್ಲ. ಪಕ್ಕೆಯ ನಡುಭಾಗದಲ್ಲಿ ಒಳವ್ಯಾಸ ಎರಡು ಅಂಗುಲದ ರಿಂಗು ಇದ್ದರೆ ಲೈನು ಹಿಂಗಾಲಿನ ಸುತ್ತ ಮೊಣಕೀಲಿಗಿಂತ ಮೇಲೆ ತಾನಾಗಿ ಕೂರುತ್ತದೆ. ಹಾಗೆಂದು ಜಟಕಾ ಪಟ್ಟಿಯ ಐನೂರು ದಂಡವಾಗಲಿಲ್ಲ. ಅದರ ಪ್ಯಾನೆಲ್ ಬಿಚ್ಚಿ, ಹಳಬರು ಒಳಗೆ ಏನನ್ನು ಯಾವ ಕ್ರಮದಲ್ಲಿ ತುಂಬಿದ್ದರೆಂದು ನೋಡಿ ನನ್ನದಕ್ಕೂ ಹಾಗೆಯೇ ತುಂಬಿಸಿದೆ. ಆ ಮಿಶ್ರಣವನ್ನು ಇಲ್ಲಿ ಬರೆಯುವುದಿಲ್ಲ. ಮೂರು ಲಾಯದವರು ಕೇಳಿದ್ದಾರೆ, ಅವರಿಗೂ ಹೇಳಿಲ್ಲ.

ಎಣ್ಣೆಯ ಪ್ರಯೋಗಗಳೂ ನಡೆದವು. ಹೊಂಗೆ ಎಣ್ಣೆ ಹಚ್ಚಿದ ಪಟ್ಟಿಯ ವಾಸನೆಗೆ ಕುದುರೆ ಎರಡು ದಿನ ಮೂತಿ ತಿರುಗಿಸಿತು. ಹರಳೆಣ್ಣೆ ಅಂಟಂಟಾಗಿ ಧೂಳನ್ನು ಹಿಡಿಯಿತು. ಈಗ ಬಳಸಿದ ದಿನವೆಲ್ಲ ಒದ್ದೆಬಟ್ಟೆಯಿಂದ ಬೆವರು ಒರೆಸಿ ಗ್ಲಿಸರಿನ್ ಸೋಪು ಹಚ್ಚುತ್ತೇನೆ, ದನದ ಕಾಲಿನ ಮೂಳೆಯಿಂದ ತೆಗೆಯುವ ನೀಟ್ಸ್‌ಫುಟ್ ಎಣ್ಣೆ ವರ್ಷಕ್ಕೆ ಎರಡು ಸಲ, ಅದೂ ಒಳಮೈಗೆ ತೆಳ್ಳಗೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಗಾಳಿಯಾಡುವ ಕಡೆ ನೇತುಹಾಕುತ್ತೇನೆ; ಪ್ಲಾಸ್ಟಿಕ್ ಚೀಲಕ್ಕೆ ಹಾಕಿದ ಒಂದೇ ವಾರದಲ್ಲಿ ಬೂಷ್ಟು ಹಿಡಿದದ್ದನ್ನು ನೋಡಿದ್ದೇನೆ.

ಕಳೆದ ತಿಂಗಳು ಅದೇ ಹಿರಿಯ ಸಯೀಸ್ ತಮ್ಮ ಇನ್ನೊಬ್ಬ ಯಜಮಾನರ ಗಂಡು ಕುದುರೆಗೆಂದು ನನ್ನ ತಂತಿಯನ್ನು ಕೇಳಿ ಪಡೆದರು. ತಂತಿ ಇನ್ನೂ ಹಿಂದಿರುಗಿ ಬಂದಿಲ್ಲ.