ಕುಡಿತ ಬಿಟ್ಟ ಮೇಲೆ ಧ್ಯಾನ: ಸೆಳೆತದ ಹೊತ್ತನ್ನು ದಾಟುವ ಕ್ರಮ

ವರ್ಷಗಟ್ಟಲೆ ದಿನವೂ ಕುಡಿಯುತ್ತಿದ್ದವರು ಧ್ಯಾನವನ್ನೇ ನೆಚ್ಚಿಕೊಂಡು ಒಮ್ಮೆಲೇ ಮದ್ಯ ನಿಲ್ಲಿಸಬಾರದು. ಕೈನಡುಕ, ಬೆವರು, ನಿದ್ರಾಹೀನತೆಯಿಂದ ಶುರುವಾಗಿ ಎರಡು-ಮೂರು ದಿನಗಳೊಳಗೆ ಫಿಟ್ಸ್ ಮತ್ತು ಭ್ರಮೆಗೂ ತಿರುಗಬಲ್ಲ ಆ ಸ್ಥಿತಿಗೆ ಬೇಕಾದದ್ದು ವೈದ್ಯರ ನಿಗಾ ಮತ್ತು ಔಷಧ. ಆ ಘಟ್ಟ ದಾಟಿದವರಿಗೆ, ಚಿಕಿತ್ಸೆಯ ಜೊತೆಜೊತೆಗೆ, ಧ್ಯಾನ ನೆರವಾಗುತ್ತದೆ.

ಧ್ಯಾನದ ಅಭ್ಯಾಸವನ್ನು ಕುಡಿಯುವ ಆಸೆ ಇಲ್ಲದ ಹೊತ್ತಿನಲ್ಲಿ, ಸಾಧ್ಯವಾದರೆ ಬೆಳಿಗ್ಗೆ, ಆರಂಭಿಸಬೇಕು. ಕುರ್ಚಿಯ ಮೇಲೆ ಬೆನ್ನು ನೇರವಾಗಿಟ್ಟು ಕುಳಿತರೆ ಸಾಕು. ಪದ್ಮಾಸನದ ಹಟ ಬೇಡ. ಮೂಗಿನ ಹೊಳ್ಳೆಗಳಲ್ಲಿ ಉಸಿರು ಬಂದುಹೋಗುವುದನ್ನು ಐದು ನಿಮಿಷ ಗಮನಿಸಿ, ಮನಸ್ಸು ಅಲೆದಾಗ ಬೈದುಕೊಳ್ಳದೆ ಮರಳಿ ತಂದು, ವಾರ ಕಳೆದಂತೆ ಅವಧಿಯನ್ನು ಇಪ್ಪತ್ತು ನಿಮಿಷಕ್ಕೆ ಏರಿಸಬಹುದು. ಕಣ್ಣು ಮುಚ್ಚಿದೊಡನೆ ಮನಸ್ಸು ಖಾಲಿಯಾಗಬೇಕೆಂದು ಬಯಸುವವರೇ ಬೇಗ ಎದ್ದುಹೋಗುವವರು.

ನಿಜವಾದ ಪರೀಕ್ಷೆ ಸಂಜೆಯದು. ಕೆಲಸ ಮುಗಿಸಿ ಬಸ್ಸಿಳಿದಾಗ ಕಾಲು ತಾನಾಗಿಯೇ ಬಾರ್‌ನತ್ತ ತಿರುಗುತ್ತದೆ. ಆಗ ನಿಂತಲ್ಲೇ, ಕಣ್ಣು ತೆರೆದುಕೊಂಡೇ, 'ಇದು ಸೆಳೆತ' ಎಂದು ಮನಸ್ಸಿನಲ್ಲಿ ಹೇಳಿಕೊಂಡು, ಅದು ದೇಹದಲ್ಲಿ ಎಲ್ಲಿದೆ ಎಂದು ಹುಡುಕಬೇಕು: ಗಂಟಲು ಒಣಗಿದೆಯೇ, ಎದೆ ಬಿಗಿದಿದೆಯೇ, ಬಾಯಲ್ಲಿ ನೀರೂರುತ್ತಿದೆಯೇ? ಅದರೊಡನೆ ವಾದಕ್ಕಿಳಿಯದೆ, ಅದನ್ನು ಹತ್ತಿಕ್ಕದೆ, ಉಸಿರಿನ ಮೇಲೆ ಗಮನವಿಟ್ಟು ನೋಡುತ್ತಿದ್ದರೆ ಸೆಳೆತ ಅಲೆಯಂತೆ ಏರಿ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಗಮನಿಸುತ್ತಲೇ ಅಲ್ಲಿಂದ ದೂರ ನಡೆಯುವುದು ಇನ್ನೂ ಒಳ್ಳೆಯದು. ಹಸಿವಾಗಿದ್ದರೆ ಮೊದಲು ಏನಾದರೂ ತಿನ್ನಿ; ಹಸಿವು, ಸಿಟ್ಟು, ಒಂಟಿತನ, ದಣಿವು ಸೆಳೆತವನ್ನು ಹೆಚ್ಚಿಸುತ್ತವೆ.

ಈ ವಿಧಾನವನ್ನು ಅಮೆರಿಕದ ಸಿಯಾಟಲ್‌ನಲ್ಲಿ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಬೆಳೆಸಿದರು. ಅಲ್ಲಿನ ಜೈಲಿನ ಕೈದಿಗಳ ನಡುವೆ ವಿಪಶ್ಯನ ಧ್ಯಾನ ಶಿಬಿರದ ಪರಿಣಾಮವನ್ನು ಅಧ್ಯಯನ ಮಾಡಿದ ಅವರು, ಮುಂದೆ ಸಹೋದ್ಯೋಗಿಗಳೊಂದಿಗೆ 8 ವಾರಗಳ ತರಬೇತಿಯನ್ನು ರೂಪಿಸಿದರು. ಒಂದು ಪೆಗ್ ಕುಡಿದವರು 'ಇನ್ನೇನು, ಎಲ್ಲಾ ಕೆಟ್ಟಿತು' ಎಂದುಕೊಳ್ಳುವ ಯೋಚನೆಯೇ ಅವರನ್ನು ಪೂರ್ತಿ ಕುಡಿತಕ್ಕೆ ತಳ್ಳುತ್ತದೆ ಎಂಬುದನ್ನೂ ಮಾರ್ಲಟ್ ಗುರುತಿಸಿದ್ದರು. ಆದ್ದರಿಂದ ಎಡವಿದ ದಿನವೂ ಹತ್ತು ನಿಮಿಷ ಕುಳಿತು, ಆ ನಾಚಿಕೆಯನ್ನೂ ಹಾಗೆಯೇ ಗಮನಿಸಿ, ಮರುದಿನವೇ ಆಪ್ತಸಮಾಲೋಚಕರಿಗೆ ತಿಳಿಸಬೇಕು.

ಕುಳಿತಾಗ ಹಳೆಯ ಆಘಾತದ ನೆನಪುಗಳು ಉಕ್ಕಿಬಂದರೆ ಅಥವಾ ಇಲ್ಲದ ದನಿಗಳು ಕೇಳಿಸಿದರೆ ಧ್ಯಾನ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಅವರು ಕೊಟ್ಟ ಮಾತ್ರೆಗಳನ್ನು ಸ್ವಂತ ನಿರ್ಧಾರದಿಂದ ಬಿಡಬಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವಿದೆ. ಫೋನಿನಲ್ಲೇ ಸಲಹೆ ಬೇಕಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಅಥವಾ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಬಹುದು.