ಕಾರು ಪೆಟ್ರೋಲ್ ಕುಡಿಯದಿದ್ದರೆ ಮೊದಲು ಎಲ್ಲಿ ನೋಡಬೇಕು?

ನಾನಿರುವುದು ಗೋವಾದ ಫೋಂಡಾದಲ್ಲಿ. ಇಲ್ಲಿನ ಪಂಪಿನಲ್ಲಿ ಪೆಟ್ರೋಲ್ ಹಾಕುವ ಹುಡುಗ ಬಾಗಲಕೋಟೆ ಕಡೆಯವನು. ಕಳೆದ ಮಳೆಗಾಲದಲ್ಲಿ ನಾಲ್ಕು ಸಲ ನಾಝಲ್ ಒತ್ತಿ, ನಾಲ್ಕು ಸಲವೂ ಟಕ್ ಅಂತ ಕಟ್ ಆದ ಮೇಲೆ, "ಸರ, ನಿಮ್ಮ ಗಾಡಿ ಪೆಟ್ರೋಲ್ ಕುಡೀವಲ್ದ್ರೀ" ಎಂದ. ಹಿಂದೆ ಆರು ಗಾಡಿ ಕ್ಯೂ. ಹಾರ್ನ್ ಬೇರೆ. 500 ರೂಪಾಯಿಯ ಪೆಟ್ರೋಲ್ ಹಾಕಿಸಲು ಹತ್ತು ನಿಮಿಷ ಹಿಡಿಯಿತು.

ಇದೇ ತೊಂದರೆ ನಿಮಗೂ ಇದ್ದರೆ ಮೊದಲು ಒಂದು ವಿಷಯ ತಿಳಿದುಕೊಳ್ಳಿ. ನಾಝಲ್‌ಗೆ ನಿಮ್ಮ ಟ್ಯಾಂಕ್ ತುಂಬಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಅದರ ತುದಿಯಲ್ಲಿ ಒಂದು ಚಿಕ್ಕ ತೂತು ಇರುತ್ತದೆ. ಪೆಟ್ರೋಲ್ ಹರಿಯುವಾಗ ಆ ರಭಸಕ್ಕೇ ತೂತಿನಿಂದ ಗಾಳಿ ಒಳಗೆ ಎಳೆದುಕೊಳ್ಳುತ್ತಿರುತ್ತದೆ. ಪೆಟ್ರೋಲ್ ಮೇಲೆ ಬಂದು ತೂತು ಮುಚ್ಚಿತೋ, ಗಾಳಿ ಸಿಗದೆ ಒಳಗಿನ ತೆಳು ಪರದೆ ಎಳೆದುಕೊಂಡು ಟ್ರಿಗರ್ ಬಿಡುತ್ತದೆ. ಇಷ್ಟೇ. ಅಂದರೆ ಖಾಲಿ ಟ್ಯಾಂಕಿನಲ್ಲೂ ಕಟ್ ಆಗುತ್ತಿದೆ ಎಂದರೆ, ಪೆಟ್ರೋಲ್ ಕೆಳಗಿಳಿಯದೆ ಬಾಯಿಯ ಹತ್ತಿರವೇ ನಿಲ್ಲುತ್ತಿದೆ.

ಯಾಕೆ ನಿಲ್ಲುತ್ತದೆ? ಹಿಂದೆ ಸೀಮೆಎಣ್ಣೆ ಕ್ಯಾನಿಗೆ ಆಲಿಕೆ ಬಿಗಿಯಾಗಿ ಇಟ್ಟು ಸುರಿದರೆ ಅರ್ಧಕ್ಕೇ ನಿಂತುಬಿಡುತ್ತಿತ್ತಲ್ಲ, ಆಲಿಕೆ ಸ್ವಲ್ಪ ಎತ್ತಿದರೆ ಗುಳಕ್ ಅಂತ ಇಳಿಯುತ್ತಿತ್ತಲ್ಲ, ಅದೇ ಕಥೆ. ಒಳಗಿನ ಗಾಳಿ ಹೊರಗೆ ಬರದೆ ಪೆಟ್ರೋಲ್ ಒಳಗೆ ಹೋಗುವುದಿಲ್ಲ. ಹಾಗಾಗಿ ನೀವು ಹುಡುಕಬೇಕಾದ್ದು ಗಾಳಿ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು.

ಮೊದಲ ಕೆಲಸಕ್ಕೆ ಖರ್ಚಿಲ್ಲ: ಬೇರೆ ಪಂಪಿಗೆ ಹೋಗಿ. ಅಲ್ಲಿ ಸಲೀಸಾಗಿ ತುಂಬಿದರೆ ತಪ್ಪು ಆ ಹಳೇ ನಾಝಲ್‌ನದ್ದು, ನಿಮ್ಮ ಕಾರಿನದ್ದಲ್ಲ. ಎರಡು ಮೂರು ಪಂಪುಗಳಲ್ಲೂ ಹಾಗೇ ಆದರೆ ಕಾರನ್ನೇ ನೋಡಬೇಕು. (ಪದೇ ಪದೇ ಕಟ್ ಆದರೆ ಅಳತೆಯಲ್ಲಿ ಮೋಸ ಎಂಬ ಅನುಮಾನ ಬರುವುದು ಸಹಜ. ಅನುಮಾನ ಇದ್ದರೆ ಪಂಪಿನವರ ಹತ್ತಿರ 5 ಲೀಟರಿನ ಅಳತೆ ಪಾತ್ರೆ ಇರುತ್ತದೆ, ಕೇಳಿ ನೋಡಿ, ಸುಮ್ನೆ ಜಗಳ ಬೇಡ.)

ಆಮೇಲೆ ಹುಡುಗನಿಗೆ ನಿಧಾನವಾಗಿ ಹಾಕಲು ಹೇಳಿ. ನಾಝಲ್ ಪೂರ್ತಿ ಒಳಗೆ ತುರುಕದೆ ಒಂದಿಂಚು ಹೊರಗೆ ಎಳೆದು, ಸ್ವಲ್ಪ ಪಕ್ಕಕ್ಕೆ ತಿರುಗಿಸಿ ಹಿಡಿದರೆ ಎಷ್ಟೋ ಸಲ ಕೆಲಸ ಆಗುತ್ತದೆ. ಇದು ರಿಪೇರಿ ಅಲ್ಲ, ಆ ಹೊತ್ತಿನ ಉಪಾಯ. ಆದರೆ ಇದರಿಂದ ಒಂದು ಸುಳಿವು ಸಿಗುತ್ತದೆ. ನಿಧಾನಕ್ಕೆ ಹಾಕಿದರೆ ಹೋಗುತ್ತದೆ, ಜೋರಾಗಿ ಹಾಕಿದರೆ ಕಟ್ ಆಗುತ್ತದೆ ಎಂದಾದರೆ ಗಾಳಿಯ ದಾರಿ ಅರ್ಧ ಮುಚ್ಚಿದೆ. ಹನಿ ಹನಿಯಾಗಿಯೂ ಹೋಗದಿದ್ದರೆ ದಾರಿ ಪೂರ್ತಿ ಮುಚ್ಚಿರಬಹುದು, ಇಲ್ಲವೇ ಪೆಟ್ರೋಲ್ ಹೋಗುವ ಪೈಪ್ ಟ್ಯಾಂಕಿಗೆ ಸೇರುವ ತುದಿಯಲ್ಲಿ ಇರುವ ಪುಟ್ಟ ಮುಚ್ಚಳದಂಥ ವಾಲ್ವ್ ಅಂಟಿಕೊಂಡಿರಬಹುದು. ಆ ವಾಲ್ವ್ ಎಲ್ಲ ಕಾರುಗಳಲ್ಲಿ ಇರುವುದಿಲ್ಲ.

ಇಲ್ಲಿ ಒಂದು ಪ್ರಶ್ನೆ ನಿಮಗೆ ನೀವೇ ಕೇಳಿಕೊಳ್ಳಿ: ಇದು ಶುರುವಾಗಿದ್ದು ಯಾವಾಗ? ನಾನು ಈ ಪ್ರಶ್ನೆ ಕೇಳಿಕೊಳ್ಳದೆ ಎರಡು ತಿಂಗಳು ಒದ್ದಾಡಿದೆ. ಯೂಟ್ಯೂಬ್ ನೋಡಿದರೆ ಎಲ್ಲರೂ ಒಂದೇ ಮಾತು, ಇದ್ದಿಲಿನ ಡಬ್ಬಿ ಬದಲಿಸಿ, ಅಂದರೆ ಪೆಟ್ರೋಲಿನ ಆವಿ ಹೀರಿಕೊಳ್ಳುವ ಕ್ಯಾನಿಸ್ಟರ್ ಬದಲಿಸಿ. ಆ ವಿಡಿಯೊಗಳಲ್ಲಿ ಹೆಚ್ಚಿನವು ಅಮೆರಿಕದವು. ಅಲ್ಲಿ 1998ರ ಮಾಡೆಲ್‌ನಿಂದ ಹಂತ ಹಂತವಾಗಿ, ಪೆಟ್ರೋಲ್ ತುಂಬುವಾಗ ಬರುವ ಆವಿಯನ್ನೂ ಕಾರೇ ಹಿಡಿದಿಟ್ಟುಕೊಳ್ಳಬೇಕು ಎಂಬ ನಿಯಮ ಬಂತು. ಹಾಗಾಗಿ ಅಲ್ಲಿ ಆ ಗಾಳಿಯೆಲ್ಲ ಕ್ಯಾನಿಸ್ಟರ್ ಮೂಲಕವೇ ಹೋಗಬೇಕು, ಅದು ಕಟ್ಟಿಕೊಂಡರೆ ನಾಝಲ್ ಟಕ್ ಎನ್ನುತ್ತದೆ. ನನ್ನದು 2016ರ ಕಾರು. ನಮ್ಮ ಇಂಥ ಹಳೇ ಕಾರುಗಳಲ್ಲಿ ತುಂಬುವಾಗಿನ ಗಾಳಿ ಹೆಚ್ಚಾಗಿ ವಾಪಸ್ ಬರುವುದು ಪೆಟ್ರೋಲ್ ಹೋಗುವ ದಪ್ಪ ಪೈಪಿನ ಪಕ್ಕದಲ್ಲೇ ಇರುವ ಸಣ್ಣ ಬ್ರೀದರ್ ಪೈಪಿನಲ್ಲಿ. ಕ್ಯಾನಿಸ್ಟರ್‌ಗೆ ದುಡ್ಡು ಸುರಿಯುವ ಮೊದಲು ಈ ಪೈಪ್ ನೋಡಿ.

ಎಲ್ಲಿರುತ್ತದೆ ಅಂದರೆ, ಪೆಟ್ರೋಲ್ ಮುಚ್ಚಳ ಇರುವ ಬದಿಯ ಹಿಂದಿನ ಚಕ್ರದ ಹತ್ತಿರ, ಪ್ಲಾಸ್ಟಿಕ್ ಹೊದಿಕೆಯ ಹಿಂದೆ. ಹೊದಿಕೆ ಬಿಚ್ಚಿದಾಗ ನಮ್ಮ ಗೋವಾದ ಕೆಂಪು ಮಣ್ಣು ಗೂಡು ಕಟ್ಟಿಕೊಂಡಿರುತ್ತದೆ. ಮಳೆಗಾಲದಲ್ಲಿ ಚೋರ್ಲಾ ಘಾಟ್ ಹತ್ತಿ ಬೆಳಗಾವಿಗೆ ಓಡಾಡುವವರ ಕಾರಿನಲ್ಲಂತೂ ಬುಟ್ಟಿಗಟ್ಟಲೆ. ಒದ್ದೆ ಮಣ್ಣು, ಮೇಲೆ ಸಮುದ್ರದ ಉಪ್ಪು ಗಾಳಿ. ಕಬ್ಬಿಣದ ಪೈಪ್ ಆದರೆ ತುಕ್ಕು ಹಿಡಿದು ಚಕ್ಕೆ ಏಳುತ್ತದೆ. ರಬ್ಬರ್ ಆದರೆ ಬಿರುಕು ನೋಡಿ, ಎಲ್ಲಾದರೂ ಮಡಚಿಕೊಂಡಿದೆಯಾ ನೋಡಿ, ಇಲಿ ಕಡಿದಿದೆಯಾ ನೋಡಿ.

ನನ್ನ ಕಾರಿನಲ್ಲಿ ಸಿಕ್ಕಿದ್ದು ಮಡಚಿದ ಪೈಪ್. ಮೇ ತಿಂಗಳಲ್ಲಿ ಒಂದು ಗ್ಯಾರೇಜಿನಲ್ಲಿ ಫ್ಯುಯೆಲ್ ಪಂಪ್ ಹಾಳಾಗಿದೆ ಎಂದು ಟ್ಯಾಂಕ್ ಇಳಿಸಿದ್ದರು. ವಾಪಸ್ ಏರಿಸುವಾಗ ಬ್ರೀದರ್ ಪೈಪ್ ಟ್ಯಾಂಕಿಗೂ ಬಾಡಿಗೂ ನಡುವೆ ಸಿಕ್ಕಿ ಚಪ್ಪಟೆಯಾಗಿತ್ತು. ತೊಂದರೆ ಶುರುವಾಗಿದ್ದೂ ಜೂನ್‌ನಲ್ಲಿ! ಇಷ್ಟು ಸುಲಭದ ಲೆಕ್ಕ ನನಗೆ ಹೊಳೆಯಲಿಲ್ಲ ನೋಡಿ. ಕೊನೆಗೆ ಗದಗ ಕಡೆಯ ಮೆಕ್ಯಾನಿಕ್ ಒಬ್ಬರು ಕಾರಿಗೆ ಕೈ ಹಚ್ಚುವ ಮೊದಲೇ "ಇತ್ತೀಚಿಗೆ ಟ್ಯಾಂಕ್ ಬಿಚ್ಚಿಸಿದ್ರೇನ್ರಿ?" ಎಂದು ಕೇಳಿದರು. ಒಂದಡಿ ಪೈಪ್, ಎರಡು ಕ್ಲಿಪ್, ಮುಗಿಯಿತು. ಪೈಪ್ ಮಾತ್ರ ಪೆಟ್ರೋಲಿಗೆಂದೇ ಮಾಡಿದ್ದು ಆಗಬೇಕು. ಗಿಡಕ್ಕೆ ನೀರು ಹಾಕುವ ಪೈಪ್ ಹಾಕಿದರೆ ಪೆಟ್ರೋಲ್ ಅದನ್ನು ಮೆತ್ತಗೆ ಮಾಡಿಬಿಡುತ್ತದೆ.

ಹೊದಿಕೆ ಬಿಚ್ಚಿ ನೋಡುವುದು ನೀವೇ ಮಾಡಬಹುದು. ಇಂಜಿನ್ ತಣ್ಣಗಿರಲಿ, ಬಯಲಿನಲ್ಲಿ ಮಾಡಿ, ಹತ್ತಿರ ಬೀಡಿ ಸಿಗರೇಟು ಬೇಡ. ಪೈಪ್ ಬಿಚ್ಚುವುದು, ಟ್ಯಾಂಕ್ ಇಳಿಸುವುದು ಮೆಕ್ಯಾನಿಕ್ ಕೆಲಸ. ಬಾಯಿಟ್ಟು ಊದಲೇಬೇಡಿ, ಪೆಟ್ರೋಲ್ ಆವಿ ಒಳಗೆ ಹೋಗುತ್ತದೆ. ಟೈರಿಗೆ ಗಾಳಿ ಹಾಕುವ ಕಂಪ್ರೆಸರ್ ತಂದು ಟ್ಯಾಂಕಿಗೆ ನೇರ ಹೊಡೆಯುವುದೂ ಬೇಡ.

ಬ್ರೀದರ್ ಪೈಪ್ ಸರಿ ಇದ್ದರೆ ಆಗ ಕ್ಯಾನಿಸ್ಟರ್ ಕಡೆ ತಿರುಗಿ. ಅದರ ಗಾಳಿ ತೂತಿನಲ್ಲಿ ಧೂಳು, ಜೇಡರ ಬಲೆ, ಕಣಜದ ಮಣ್ಣಿನ ಗೂಡು ಸಿಗಬಹುದು. ಪೆಟ್ರೋಲ್ ಮುಚ್ಚಳ ತೆಗೆದಾಗ ಸಣ್ಣಗೆ ಹಿಸ್ ಅಂದರೆ ಚಿಂತೆ ಬೇಡ. ಪ್ರತಿ ಸಲ ಜೋರಾಗಿ ಬುಸ್ ಅಂದರೆ ಅನುಮಾನಿಸಿ. ಪೆಟ್ರೋಲ್ ಹಾಕಿಸಿದ ಕೂಡಲೇ ಇಂಜಿನ್ ಸ್ಟಾರ್ಟ್ ಆಗಲು ತಕರಾರು ಮಾಡುತ್ತದೆ, ವಾಸನೆಯೂ ಬರುತ್ತದೆ ಎಂದರೆ ಇಂಜಿನ್ ಕಡೆಗೆ ಆವಿ ಬಿಡುವ ಪರ್ಜ್ ವಾಲ್ವ್ ತೆರೆದೇ ಉಳಿದಿರಬಹುದು.

ಇದರಲ್ಲಿ ನಮ್ಮ ಪಾಲೂ ಇದೆ. ಗೋವಾದಲ್ಲಿ ಪೆಟ್ರೋಲ್ ಅಗ್ಗ ಅಂತ ಬೆಳಗಾವಿಗೆ ಹೊರಡುವ ಮುಂಚೆ ಇಲ್ಲೇ ಕಂಠಪೂರ್ತಿ ತುಂಬಿಸುತ್ತೇವೆ. ಕಟ್ ಆದ ಮೇಲೂ ರೌಂಡ್ ಫಿಗರ್ ಬರಲಿ ಅಂತ ಇನ್ನೂ ಎರಡು ಸಲ ಒತ್ತಿಸುತ್ತೇವೆ. ಟ್ಯಾಂಕಿನ ಮೇಲ್ಭಾಗದ ಖಾಲಿ ಜಾಗ ಆವಿಗಾಗಿ ಬಿಟ್ಟಿದ್ದು. ಅಲ್ಲಿಗೂ ಪೆಟ್ರೋಲ್ ತುಂಬಿದರೆ ಅದು ಕ್ಯಾನಿಸ್ಟರ್‌ಗೆ ಹರಿದು ಇದ್ದಿಲು ನೆನೆಯುತ್ತದೆ. ನೆನೆದ ಇದ್ದಿಲು ಕೆಲಸಕ್ಕೆ ಬಾರದು, ಆ ಡಬ್ಬಿ ಅಗ್ಗವೂ ಅಲ್ಲ.

ಡೀಸೆಲ್ ಕಾರಿನವರ ತೊಂದರೆ ಬೇರೆ. ಡೀಸೆಲ್ ನೊರೆ ಬರುತ್ತದೆ, ಆ ನೊರೆಗೇ ನಾಝಲ್ ಕಟ್ ಆಗುತ್ತದೆ. ಹೆದ್ದಾರಿಯಲ್ಲಿ ಲಾರಿಗೆ ಹಾಕುವ ಜೋರಿನ ನಾಝಲ್ ಆದರೆ ಇನ್ನೂ ಜಾಸ್ತಿ. ನಿಧಾನಕ್ಕೆ ಹಾಕಿಸಿ, ಸಾಕು.

ರಿಪೇರಿ ಆದ ಮೇಲೆ ಪರೀಕ್ಷೆ ಹೀಗೆ: ರಿಸರ್ವ್‌ಗೆ ಬಂದಾಗ ಮೊದಲು ತೊಂದರೆ ಕೊಟ್ಟ ಅದೇ ಪಂಪಿಗೆ ಹೋಗಿ, ಪೂರ್ತಿ ಜೋರಿನಲ್ಲಿ ಹಾಕಿಸಿ, ಮೊದಲ ಕಟ್ ಎಷ್ಟು ಲೀಟರಿಗೆ ಬಂತು ಬರೆದಿಟ್ಟುಕೊಳ್ಳಿ. ನನ್ನ 35 ಲೀಟರಿನ ಟ್ಯಾಂಕಿಗೆ 29ಕ್ಕೆ ಬಂತು.