ಹಾರ್ಮೋನ್ ತಗೊಂಡ್ರೆ ಉದುರಿದ ಕೂದಲು ವಾಪಸ್ ಬರುತ್ತಾ? ನನ್ನ ಅನುಭವ

ಹೊಸದಾಗಿ ಹೆಣ್ಣು ಹಾರ್ಮೋನ್ ಶುರು ಮಾಡ್ಬೇಕು ಅಂತಿರೋ ನನ್ನಂಥ ಟ್ರಾನ್ಸ್ ಹುಡುಗೀರು ನನ್ನ ಹತ್ರ ಬಂದ್ರೆ ಮೊದಲು ಮನೆಯವರ ವಿಷಯ ಮಾತಾಡ್ತಾರೆ ಅಂತ ನೀವು ಅಂದ್ಕೊಂಡಿರ್ತೀರ, ಇಲ್ಲ ಕಣ್ರೀ, ಹತ್ತರಲ್ಲಿ ಏಳು ಜನ ಕೇಳೋದು ಒಂದೇ, "ಅಕ್ಕ, ಕೂದಲು ವಾಪಸ್ ಬರುತ್ತಾ?"

ನಾನು ಸುತ್ತಿ ಬಳಸಿ ಹೇಳಲ್ಲ. ನೆತ್ತಿ ನುಣ್ಣಗಾಗಿ ಹೊಳೀತಿದ್ರೆ ಅಲ್ಲಿ ಬರಲ್ಲ. ಕೂದಲು ಇದೆ ಆದ್ರೆ ಸಣ್ಣಗಾಗಿ ಟ್ಯೂಬ್‌ಲೈಟ್ ಕೆಳಗೆ ಚರ್ಮ ಕಾಣ್ತಿದೆ ಅಂದ್ರೆ ಅಲ್ಲಿ ಒಂದಷ್ಟು ಬರಬಹುದು. ಇನ್ನು ಮುಂದಕ್ಕೆ ಉದುರೋದು ನಿಲ್ಲೋದಿದೆಯಲ್ಲ, ಅದು ಟೆಸ್ಟೋಸ್ಟಿರಾನ್ ಅನ್ನೋ ಗಂಡು ಹಾರ್ಮೋನಿನ ಲೆವೆಲ್ ಸರಿಯಾಗಿ ಇಳಿದ್ರೆ ಹೆಚ್ಚುಕಮ್ಮಿ ಎಲ್ಲರಿಗೂ ಆಗುತ್ತೆ. ನನಗೆ ಆಗಿದ್ದೂ ಇಷ್ಟೇ, ಆದ್ರೆ ಇಷ್ಟು ಅರ್ಥ ಮಾಡ್ಕೊಳ್ಳೋಕೆ ನಾಲ್ಕು ವರ್ಷ ಮತ್ತು ಸುಮಾರು ದುಡ್ಡು ಹೋಯ್ತು.

ನಂದು ತಿಪಟೂರು ಕಡೆ, ತೆಂಗಿನೆಣ್ಣೆ ಬಿಟ್ಟು ತಲೆಗೆ ಬೇರೇನೂ ಹಾಕದ ಮನೆ. ಅಪ್ಪಂಗೆ ಮೂವತ್ತೈದಕ್ಕೇ ಬೊಕ್ಕತಲೆ, ಅಮ್ಮನ ಅಪ್ಪನೂ ಹಂಗೇ. ಇದು ತಾಯಿ ಕಡೆಯಿಂದ ಮಾತ್ರ ಬರುತ್ತೆ ಅನ್ನೋದು ಅರ್ಧ ನಿಜ, ಟೆಸ್ಟೋಸ್ಟಿರಾನ್ ಹಿಡ್ಕೊಳ್ಳೋ ರಿಸೆಪ್ಟರ್‌ನ ಜೀನ್ ಅಮ್ಮನಿಂದ ಬರೋ ಎಕ್ಸ್ ಕ್ರೋಮೋಸೋಮಲ್ಲಿ ಇರೋದು ಹೌದು, ಆದ್ರೆ ಬೇರೆ ಜೀನ್‌ಗಳು ಅಪ್ಪನ ಕಡೆಯಿಂದಲೂ ಬರ್ತವೆ, ನನಗೆ ಎರಡೂ ಕಡೆಯಿಂದ ಆಶೀರ್ವಾದ. ಇಪ್ಪತ್ತಾರಕ್ಕೆ ಹಣೆಯ ಎರಡೂ ಮೂಲೆ ಹಿಂದಕ್ಕೆ ಹೋಗೋಕೆ ಶುರು ಆಯ್ತು. ಅಮ್ಮ ಎಣ್ಣೆ ಹಚ್ತಾ, "ಏನೋ ಇದು, ನಿಮ್ಮಪ್ಪನ ತರಾನೇ ಆಗ್ತಿದೀಯಲ್ಲೋ" ಅಂದಿದ್ರು. ಆ ಮಾತು ಎಲ್ಲಿ ಚುಚ್ಚಿತು ಅಂತ ಅವರಿಗೆ ಗೊತ್ತಿರಲಿಲ್ಲ ಪಾಪ.

ಸುಮ್ನೆ ಸ್ವಲ್ಪ ವಿಜ್ಞಾನ. ಟೆಸ್ಟೋಸ್ಟಿರಾನ್ ನೇರವಾಗಿ ಕೂದಲು ಉದುರಿಸಲ್ಲ. ದೇಹದಲ್ಲಿರೋ ಒಂದು ಎನ್‌ಜೈಮ್ ಅದನ್ನ ಡಿಎಚ್‌ಟಿ ಅನ್ನೋ ಇನ್ನೂ ಜೋರಾದ ಹಾರ್ಮೋನ್ ಮಾಡುತ್ತೆ, ಅದು ನೆತ್ತಿ ಮತ್ತು ಹಣೆ ಮೇಲಿನ ಕೂದಲಿನ ಬುಡಗಳನ್ನ ಬೆಳೆದು ಉದುರೋ ಪ್ರತಿ ಸುತ್ತಿಗೂ ಕುಗ್ಗಿಸ್ತಾ ಹೋಗುತ್ತೆ, ದಪ್ಪ ಕೂದಲು ತೆಳ್ಳಗಾಗಿ ಕೊನೆಗೆ ಕೈಮೇಲಿನ ರೋಮದ ತರ ಆಗುತ್ತೆ. ತಲೆಯ ಹಿಂಭಾಗದ ಕೂದಲಿಗೆ ಈ ಕಾಟ ಇಲ್ಲ, ಅದಕ್ಕೇ ಎಷ್ಟೇ ಬೋಳಾದವರಿಗೂ ಹಿಂದೆ ಒಂದು ಪಟ್ಟಿ ಉಳಿದಿರುತ್ತೆ. ಅದೇ ಡಿಎಚ್‌ಟಿ ಗಡ್ಡ ಮೀಸೆಯನ್ನ ದಪ್ಪ ಮಾಡುತ್ತೆ ನೋಡಿ, ಬೇಕಾದ ಕಡೆ ಕಿತ್ತು ಬೇಡದ ಕಡೆ ನೆಡೋ ಕೆಲಸ!

ಇದನ್ನೆಲ್ಲ ಓದೋಕೆ ಮುಂಚೆಯೇ ಬೆಂಗಳೂರಿನ ಒಂದು ಹಮಾಮಲ್ಲಿ, ಅಂದ್ರೆ ನಮ್ಮ ಹಿಜ್ರಾ ಸಮುದಾಯದವರು ನಡೆಸೋ ಸ್ನಾನದ ಮನೆಯಲ್ಲಿ, ವಯಸ್ಸಾದ ಗುರು ಒಬ್ಬರು ನನಗೆ ಹೇಳಿದ್ರು, "ನಿರ್ವಾಣ ಆದ್ಮೇಲೆ ಉದುರಲ್ಲ ಮಗಳೇ, ಆದ್ರೆ ಹೋಗಿದ್ದು ಹೋಯ್ತು, ಬೇಗ ಆದವರ ಜಡೆ ನೋಡು, ತಡವಾಗಿ ಆದವರ ಹಣೆ ನೋಡು." ನಿರ್ವಾಣ ಅಂದ್ರೆ ನಮ್ಮಲ್ಲಿ ವೃಷಣ, ಶಿಶ್ನ ತೆಗೆಯೋ ಆಪರೇಷನ್. ಆಮೇಲೆ ಗೊತ್ತಾಯ್ತು, ಇದನ್ನೇ ಅಮೆರಿಕದಲ್ಲಿ ಜೇಮ್ಸ್ ಹ್ಯಾಮಿಲ್ಟನ್ ಅನ್ನೋವ್ರು 1942ರಲ್ಲಿ ಬರೆದಿದ್ರು. ಹದಿಹರೆಯಕ್ಕೆ ಮುಂಚೆ ವೃಷಣ ತೆಗೆದ ಗಂಡಸರು ಬೋಳಾಗಲಿಲ್ಲ, ಅವರಿಗೆ ಟೆಸ್ಟೋಸ್ಟಿರಾನ್ ಕೊಟ್ರೆ ವಂಶದಲ್ಲಿ ಇದ್ದವರಿಗೆ ಉದುರೋಕೆ ಶುರು ಆಯ್ತು, ಕೊಡೋದು ನಿಲ್ಲಿಸಿದ್ರೆ ಉದುರೋದು ನಿಂತಿತು ಆದ್ರೆ ಹೋದ ಕೂದಲು ವಾಪಸ್ ಬರಲಿಲ್ಲ. ಗುರು ಹೇಳಿದ್ದಕ್ಕೆ ಅಕ್ಷರ ಅಕ್ಷರ ಸಾಕ್ಷಿ.

ಆದ್ರೂ ನಾನು ಮೊದಲು ಮಾಡಿದ್ದು ಎಲ್ಲ ತಪ್ಪೇ. ಈರುಳ್ಳಿ ರಸ, ಗರುಗದ ಸೊಪ್ಪಿನ ಎಣ್ಣೆ, ಹರಳೆಣ್ಣೆ, ಪಿಜಿಯಲ್ಲಿ ರೂಮ್‌ಮೇಟ್ ಒಂದಿನ ಈರುಳ್ಳಿ ವಾಸನೆಗೆ ಬಾಲ್ಕನಿಯಲ್ಲಿ ಹೋಗಿ ಮಲಗಿದ್ದ. ಆಮೇಲೆ ಯಾರೋ ಹೇಳಿದ್ರು ಅಂತ ಮೆಡಿಕಲ್ ಶಾಪಿಂದ ಗರ್ಭನಿರೋಧಕ ಮಾತ್ರೆ ತಂದು ದಿನಕ್ಕೆ ಎರಡು ಮೂರು ನುಂಗೋಕೆ ಶುರು ಮಾಡಿದೆ. ದಯವಿಟ್ಟು ಇದನ್ನ ಮಾಡ್ಬೇಡಿ. ಅದರಲ್ಲಿರೋದು ಎಥಿನೈಲ್ ಎಸ್ಟ್ರಾಡಿಯಾಲ್ ಅನ್ನೋ ಕೃತಕ ಹೆಣ್ಣು ಹಾರ್ಮೋನ್, ರಕ್ತ ಹೆಪ್ಪುಗಟ್ಟೋ ಅಪಾಯ ಜಾಸ್ತಿ, ಅದರಲ್ಲೂ ನಾನು ಆಗ ಸಿಗರೇಟ್ ಬೇರೆ ಸೇದ್ತಿದ್ದೆ. ಜೊತೆಗೆ ಕೆಲವು ಮಾತ್ರೆಗಳಲ್ಲಿರೋ ಇನ್ನೊಂದು ಕೃತಕ ಹಾರ್ಮೋನ್ ಲೆವೊನಾರ್ಜೆಸ್ಟ್ರೆಲ್‌ಗೆ ಸ್ವಲ್ಪ ಗಂಡು ಹಾರ್ಮೋನಿನ ಗುಣವೇ ಇದೆ, ಅಂದ್ರೆ ಕೂದಲಿಗೋಸ್ಕರ ತಗೊಳ್ಳೋ ಮಾತ್ರೆಯಲ್ಲೇ ಕೂದಲಿನ ಶತ್ರು. ಎರಡು ತಿಂಗಳಿಗೆ ತಲೆನೋವು, ಬಿಪಿ ಏರಿತು, ಹೆದರಿ ನಿಲ್ಲಿಸಿದೆ.

2019ರಲ್ಲಿ, ನನಗೆ ಮೂವತ್ತೊಂದು, ಕೊನೆಗೂ ಒಬ್ಬರು ಎಂಡೋಕ್ರೈನಾಲಜಿಸ್ಟ್, ಅಂದ್ರೆ ಹಾರ್ಮೋನ್ ಡಾಕ್ಟರ್ ಹತ್ರ ಹೋದೆ. ಅವರು ಎಸ್ಟ್ರಾಡಿಯಾಲ್ ವ್ಯಾಲರೇಟ್ ಅನ್ನೋ ಹೆಣ್ಣು ಹಾರ್ಮೋನಿನ ಮಾತ್ರೆ ಮತ್ತು ಗಂಡು ಹಾರ್ಮೋನನ್ನ ತಡೆಯೋ ಸ್ಪೈರನೊಲ್ಯಾಕ್ಟೋನ್ ಬರೆದ್ರು. ಡೋಸ್ ಎಷ್ಟು ಅಂತ ಇಲ್ಲಿ ಹಾಕಲ್ಲ, ಹಾಕಿದ್ರೆ ಯಾರಾದ್ರೂ ನೋಡ್ಕೊಂಡು ಅಂಗಡಿಗೆ ಹೋಗ್ತಾರೆ, ನಾನು ಹೋಗ್ತಿದ್ದೆ. ಸ್ಪೈರನೊಲ್ಯಾಕ್ಟೋನ್ ಪೊಟ್ಯಾಸಿಯಂ ಏರಿಸುತ್ತೆ, ಅದಕ್ಕೆ ಎಳನೀರು ಕಮ್ಮಿ ಮಾಡಿ ಅಂದ್ರು, ತಿಪಟೂರಿನವಳಿಗೆ! ರಾತ್ರಿ ಮೂರು ಸಲ ಬಾತ್‌ರೂಮಿಗೆ ಓಡೋದು ಬೇರೆ. ಸಿಪ್ರೊಟೆರೋನ್ ಅನ್ನೋ ಇನ್ನೊಂದು ಮಾತ್ರೆ ಬಗ್ಗೆ ಕೇಳಿದೆ, ಅದು ಟೆಸ್ಟೋಸ್ಟಿರಾನ್ ಚೆನ್ನಾಗಿ ಇಳಿಸುತ್ತೆ ಆದ್ರೆ ಜಾಸ್ತಿ ಡೋಸ್ ತುಂಬಾ ದಿನ ತಗೊಂಡ್ರೆ ಮೆನಿಂಜಿಯೋಮಾ ಅನ್ನೋ ಮೆದುಳಿನ ಪೊರೆಯ ಗಡ್ಡೆಯ ಅಪಾಯ ಇದೆ, 2020ರಲ್ಲಿ ಯುರೋಪಿನ ಔಷಧ ಸಂಸ್ಥೆ ಅದರ ಬಳಕೆಗೆ ಕಡಿವಾಣ ಹಾಕಿತು.

ಅವತ್ತಿಂದ ನಾನು ಮಾಡಿದ ಒಂದೇ ಒಂದು ಬುದ್ಧಿವಂತ ಕೆಲಸ ಅಂದ್ರೆ ಫೋಟೋ. ಪ್ರತಿ ತಿಂಗಳು ಒಂದನೇ ತಾರೀಖು, ಸ್ನಾನ ಮಾಡಿ ಒಣಗಿದ ಮೇಲೆ, ಅದೇ ಬಾತ್‌ರೂಮ್, ಅದೇ ಟ್ಯೂಬ್‌ಲೈಟ್, ನಡುಬೈತಲೆ ತೆಗೆದು ಮೂರು ಫೋಟೋ, ನೆತ್ತಿ, ಎಡ ಮೂಲೆ, ಬಲ ಮೂಲೆ. ಕನ್ನಡಿ ಸುಳ್ಳು ಹೇಳುತ್ತೆ, ಒಂದಿನ ಜಾಸ್ತಿ ಬಂದಿದೆ ಅನ್ಸುತ್ತೆ ಮಾರನೇ ದಿನ ಎಲ್ಲ ಹೋಯ್ತು ಅನ್ಸುತ್ತೆ. ಕೂದಲು ಬೆಳೆಯೋದೇ ತಿಂಗಳಿಗೆ ಒಂದು ಸೆಂಟಿಮೀಟರ್ ಸುಮಾರು, ದಿನಾ ನೋಡಿ ಏನು ಸಿಗುತ್ತೆ ಹೇಳಿ.

ಮೊದಲ ರಿಪೋರ್ಟಲ್ಲಿ ಟೆಸ್ಟೋಸ್ಟಿರಾನ್ 540 (ಡೆಸಿಲೀಟರಿಗೆ ನ್ಯಾನೋಗ್ರಾಂ ಲೆಕ್ಕ) ಇತ್ತು, ಮೂರು ತಿಂಗಳಿಗೆ 180, ಎಂಟನೇ ತಿಂಗಳಿಗೆ 38. ಡಾಕ್ಟರುಗಳು ಸಾಮಾನ್ಯವಾಗಿ 50ಕ್ಕಿಂತ ಕೆಳಗೆ ತರೋಕೆ ನೋಡ್ತಾರೆ. ಬಚ್ಚಲ ಜಾಲರಿಯಲ್ಲಿ ಸಿಕ್ಕಿಕೊಳ್ಳೋ ಕೂದಲು ನಾಲ್ಕನೇ ತಿಂಗಳಿಗೇ ಕಮ್ಮಿ ಆಯ್ತು, ತಲೆಯ ಜಿಡ್ಡೂ ಕಮ್ಮಿ ಆಯ್ತು, ಮುಂಚೆ ಸಾಯಂಕಾಲಕ್ಕೆ ಎಣ್ಣೆ ಹಚ್ಚಿದ ಹಾಗೆ ಇರ್ತಿತ್ತು. ನೆತ್ತಿಯ ಫೋಟೋದಲ್ಲಿ ವ್ಯತ್ಯಾಸ ಕಂಡಿದ್ದು ಒಂಬತ್ತನೇ ತಿಂಗಳಲ್ಲಿ, ಬೈತಲೆ ಪಕ್ಕ ಬೆರಳುದ್ದದ ಎಳೆ ಕೂದಲು ನೆಟ್ಟಗೆ ನಿಂತಿದ್ವು. ಹೊಸದಾಗಿ ಹುಟ್ಟಿದ್ದಲ್ಲ ಅವು, ಕುಗ್ಗಿ ಮಲಗಿದ್ದ ಬುಡಗಳಲ್ಲಿ ಇನ್ನೂ ಜೀವ ಇದ್ದವು ಎದ್ದಿದ್ದು. ಹಣೆ ಮೂಲೆಗಳು ಮಾತ್ರ ಒಂದಿಂಚೂ ಮುಂದೆ ಬರಲಿಲ್ಲ, ಇವತ್ತಿಗೂ ಬಂದಿಲ್ಲ.

ಶುರುವಿನಲ್ಲಿ ಫಿನಾಸ್ಟರೈಡ್ 1 ಮಿಲಿಗ್ರಾಂ ಕೂಡ ಕೊಟ್ಟಿದ್ರು. ಅದು ಟೆಸ್ಟೋಸ್ಟಿರಾನನ್ನ ಡಿಎಚ್‌ಟಿ ಮಾಡೋ ಆ ಎನ್‌ಜೈಮನ್ನ ತಡೆದು ರಕ್ತದಲ್ಲಿರೋ ಡಿಎಚ್‌ಟಿಯನ್ನ ಶೇಕಡಾ 70ರಷ್ಟು ಇಳಿಸುತ್ತೆ, ಅದೇ ಜಾತಿಯ ಡುಟಾಸ್ಟರೈಡ್ 90ಕ್ಕೂ ಮೇಲೆ. ಟೆಸ್ಟೋಸ್ಟಿರಾನ್ ಇನ್ನೂ ಇಳೀತಿರೋ ತಿಂಗಳುಗಳಲ್ಲಿ ಅದು ಕೆಲಸಕ್ಕೆ ಬಂತು, 38ಕ್ಕೆ ಬಂದ್ಮೇಲೆ ಡಾಕ್ಟರೇ ನಿಲ್ಲಿಸಿದ್ರು, ಹಿಟ್ಟೇ ಇಲ್ಲದ ಮೇಲೆ ರೊಟ್ಟಿ ತಟ್ಟೋ ಕೈ ಕಟ್ಟಿ ಹಾಕಿ ಏನು ಪ್ರಯೋಜನ ಅಂತ. ಲೆವೆಲ್ ಪೂರ್ತಿ ಇಳಿಯದೇ ಇರೋ ಗೆಳತಿಯರು ಇನ್ನೂ ತಗೋತಿದಾರೆ, ಅದೂ ಸರಿಯೇ.

ಮಿನಾಕ್ಸಿಡಿಲ್ ಕಥೆ ಬೇರೆ. ಮೊದಲು ಅದು ಬಿಪಿ ಮಾತ್ರೆ, ತಗೊಂಡವರಿಗೆ ಮೈಯೆಲ್ಲ ಕೂದಲು ಬಂದಿದ್ದು ನೋಡಿ ತಲೆಗೆ ಹಚ್ಚೋ ಔಷಧ ಮಾಡಿದ್ರು. 5 ಪರ್ಸೆಂಟ್ ದ್ರಾವಣ ಹಚ್ಚೋಕೆ ಶುರು ಮಾಡಿದ ಮೂರನೇ ವಾರಕ್ಕೆ ಕೂದಲು ಕೈತುಂಬ ಬಂತು, ನಾನು ಅತ್ತುಬಿಟ್ಟೆ, ಬಾಟ್ಲಿ ಎಸೆದೆ, ಆಮೇಲೆ ಕಸದ ಬುಟ್ಟಿಯಿಂದ ತೆಗ್ದೆ. ಹಳೇ ಕೂದಲನ್ನ ತಳ್ಳಿ ಹೊಸದು ಬರೋಕೆ ಶುರು ಆಗೋದು ಅದು, ಒಂದೆರಡು ತಿಂಗಳಲ್ಲಿ ನಿಲ್ಲುತ್ತೆ. ನೆತ್ತಿ ತುಂಬಿದ್ದರಲ್ಲಿ ಹಾರ್ಮೋನಿನ ಪಾಲು ಎಷ್ಟು ಇದರ ಪಾಲು ಎಷ್ಟು ಅಂತ ನನಗೆ ಬಿಡಿಸಿ ಹೇಳೋಕಾಗಲ್ಲ, ಎರಡೂ ಒಟ್ಟಿಗೇ ನಡೀತಿತ್ತು. ಮನೇಲಿ ಬೆಕ್ಕಿದ್ರೆ ಹುಷಾರು, ಈ ಔಷಧ ಬೆಕ್ಕಿಗೆ ಸ್ವಲ್ಪ ನೆಕ್ಕಿದ್ರೂ ಪ್ರಾಣಾಪಾಯ, ನನ್ನ ಚಿನ್ನಿ ನನ್ನ ದಿಂಬಿನ ಮೇಲೇ ಮಲಗೋಳು, ಅದಕ್ಕೇ ಹಚ್ಚೋದನ್ನ ಬೆಳಗ್ಗೆಗೆ ಬದಲಾಯಿಸಿ ದಿಂಬನ್ನ ಬೀರುವಿನಲ್ಲಿ ಇಡೋಕೆ ಶುರು ಮಾಡಿದೆ.

ದಿನಾ ಹಚ್ಚೋದು ಬೇಜಾರಾಗಿ ಮಧ್ಯ ಕಮ್ಮಿ ಡೋಸಿನ ಮಿನಾಕ್ಸಿಡಿಲ್ ಮಾತ್ರೆ ಕೇಳಿ ಬರೆಸ್ಕೊಂಡೆ. ತಲೆಗೆ ಚೆನ್ನಾಗೇ ಆಯ್ತು, ಆದ್ರೆ ಮೂರು ತಿಂಗಳಿಗೆ ಕೆನ್ನೆ ಪಕ್ಕ, ಹುಬ್ಬಿನ ಮೇಲೆ ರೋಮ. ಮುಖಕ್ಕೆ ಆರು ಸೆಷನ್ ಲೇಸರ್ ಮಾಡ್ಸಿ ದುಡ್ಡು ಸುರಿದಿದ್ದೆ ನಾನು! ಮಾತ್ರೆ ನಿಲ್ಲಿಸಿ ಬಾಟ್ಲಿಗೆ ವಾಪಸ್. ನಮ್ಮಂಥವರಿಗೆ ಈ ಮಾತ್ರೆ ಬರೆಯೋ ಮುಂಚೆ ಡಾಕ್ಟರುಗಳು ಇದೊಂದು ಮಾತು ಹೇಳ್ಬೇಕು, ನನಗೆ ಹೇಳಿರಲಿಲ್ಲ.

ಎರಡನೇ ವರ್ಷದಲ್ಲಿ ಡೆಂಗ್ಯೂ ಬಂತು. ಜ್ವರ ಹೋಗಿ ಎರಡೂವರೆ ತಿಂಗಳಿಗೆ ತಲೆಯ ಎಲ್ಲ ಕಡೆಯಿಂದಲೂ, ಹಿಂದಿನಿಂದಲೂ, ಬಾಚಣಿಗೆ ತುಂಬ ಕೂದಲು. ಹಾರ್ಮೋನ್ ಕೆಲಸ ಮಾಡೋದು ನಿಂತಿತು ಅಂತ ಡೋಸ್ ಏರಿಸೋಕೆ ಹೊರಟಿದ್ದೆ, ಗೆಳತಿ ಬೈದು ರಕ್ತ ಪರೀಕ್ಷೆಗೆ ಕಳಿಸಿದ್ಲು. ಫೆರಿಟಿನ್ 11, ಅಂದ್ರೆ ಕಬ್ಬಿಣದ ದಾಸ್ತಾನು ಖಾಲಿ. ದೊಡ್ಡ ಜ್ವರ, ಆಪರೇಷನ್, ಬಾಣಂತನ, ಊಟ ಬಿಟ್ಟು ತೂಕ ಇಳಿಸೋದು, ಇವಾದ್ಮೇಲೆ ಎರಡು ಮೂರು ತಿಂಗಳಿಗೆ ಹಿಂಗೆ ಒಟ್ಟಿಗೆ ಉದುರುತ್ತೆ, ತಾನಾಗೇ ಸರಿ ಹೋಗುತ್ತೆ. ಸರ್ಜರಿ ಮಾಡ್ಸಿಕೊಂಡ ನಮ್ಮವರು ಸುಮಾರು ಜನ ಇದನ್ನ ನೋಡಿ ಗಾಬರಿ ಆಗ್ತಾರೆ. ಗುರುತು ಹಿಡಿಯೋದು ಸುಲಭ, ಡಿಎಚ್‌ಟಿ ಕಾಟ ಆದ್ರೆ ನೆತ್ತಿ ಮತ್ತು ಹಣೆ ಮಾತ್ರ, ಇದಾದ್ರೆ ಇಡೀ ತಲೆ.

ಅದೇ ಟೆಸ್ಟಲ್ಲಿ ಇನ್ನೊಂದು ತಮಾಷೆ. ಎಸ್ಟ್ರಾಡಿಯಾಲ್ ಮತ್ತು ಟೆಸ್ಟೋಸ್ಟಿರಾನ್ ಎರಡೂ ಒಟ್ಟಿಗೆ ಏರಿದ ಹಾಗೆ ರಿಪೋರ್ಟ್ ಬಂತು, ಡಾಕ್ಟರ್ ತಲೆ ಕೆರ್ಕೊಂಡು "ಕೂದಲಿಗೆ ಅಂತ ಬಯೋಟಿನ್ ಏನಾದ್ರೂ ತಗೋತಿದೀರಾ?" ಅಂದ್ರು. ತಗೋತಿದ್ದೆ, ದೊಡ್ಡ ಡಬ್ಬ. ಬಯೋಟಿನ್ ಕೆಲವು ಹಾರ್ಮೋನ್ ಟೆಸ್ಟುಗಳ ಲೆಕ್ಕವನ್ನೇ ಕೆಡಿಸುತ್ತಂತೆ. ಮೂರು ದಿನ ಬಿಟ್ಟು ಮತ್ತೆ ಮಾಡ್ಸಿದೆ, ಟೆಸ್ಟೋಸ್ಟಿರಾನ್ 41. ಆ ಡಬ್ಬ ಆಮೇಲೆ ಮುಟ್ಟಿಲ್ಲ, ಬಯೋಟಿನ್ ಕೊರತೆ ಇಲ್ಲದವರಿಗೆ ಅದರಿಂದ ಕೂದಲು ಬರೋದೂ ಅಷ್ಟಕ್ಕಷ್ಟೇ.

ಹಣೆ ಮೂಲೆಗಳಿಗೆ ಇಷ್ಟು ವರ್ಷ ಜುಗಾಡ್ ಮಾಡ್ಕೊಂಡೇ ಬಂದೆ. ಪಾರ್ಲರಲ್ಲಿ ಮುಂದೆ ಗಿಡ್ಡಕ್ಕೆ ಕತ್ತರಿಸಿ ಹಣೆ ಮೇಲೆ ಬಿಡೋದು, ಬೈತಲೆ ಸೈಡಿಗೆ, ಮದುವೆ ಮನೆ ಅಂದ್ರೆ ಚೌರಿ ಸೇರಿಸಿ ಜಡೆ, ನೆತ್ತಿಗೆ ಹೇರ್ ಫೈಬರ್ ಪುಡಿ, ಮಳೆ ಬಂದ್ರೆ ಮಾತ್ರ ಕಪ್ಪು ಗಂಗೆ ಕತ್ತಿಗೆ ಇಳಿಯುತ್ತೆ. ಟ್ರಾನ್ಸ್‌ಪ್ಲಾಂಟ್ ಬಗ್ಗೆ ಎಂಡೋಕ್ರೈನಾಲಜಿಸ್ಟ್ ಹೇಳಿದ್ದು, ಹಾರ್ಮೋನ್ ಶುರುವಾಗಿ ಕನಿಷ್ಠ ಒಂದು ವರ್ಷ ಬಿಡಿ, ಏನು ತಾನಾಗೇ ಬರುತ್ತೋ ಬರಲಿ, ಉಳಿದ ಜಾಗಕ್ಕೆ ಮಾತ್ರ ನೆಡಿಸಿ. ಹಿಂದಿನ ಪಟ್ಟಿಯಿಂದ ಒಂದೊಂದೇ ಬುಡ ತೆಗೆದು ಮುಂದೆ ನೆಡೋದು, ಅಲ್ಲಿ ಇರೋದೇ ಲೆಕ್ಕದ ಕೂದಲು, ಒಂದು ಸಲ ವೇಸ್ಟ್ ಆದ್ರೆ ಮತ್ತೆ ಸಿಗಲ್ಲ.

ಮೊದಲು ಹೋದ ಕ್ಲಿನಿಕ್ಕಲ್ಲಿ ಸರ್ಜನ್ ಮಾತಾಡದೇ ಮಾರ್ಕರ್ ತಗೊಂಡು ನನ್ನ ಹಣೆ ಮೇಲೆ ಗೆರೆ ಎಳೆದ್ರು, ಕನ್ನಡಿ ನೋಡಿದ್ರೆ ಎರಡೂ ಕಡೆ ಮೂಲೆ ಹಿಂದಕ್ಕಿರೋ ಪಕ್ಕಾ ಗಂಡಸಿನ ಗೆರೆ. "ಇದೇ ನ್ಯಾಚುರಲ್ ಆಗಿ ಕಾಣೋದು" ಅಂದ್ರು. ಯಾರಿಗೆ ನ್ಯಾಚುರಲ್ ಅಂತ ಕೇಳ್ಬೇಕಿತ್ತು, ಕೇಳಲಿಲ್ಲ, ವಾಪಸ್ ಬರ್ತಾ ಮೆಟ್ರೋದಲ್ಲಿ ಕರ್ಚೀಫಿಂದ ಉಜ್ಜಿ ಉಜ್ಜಿ ಹಣೆ ಕೆಂಪಾಯ್ತು. ಎರಡನೇ ಡಾಕ್ಟರ್ ಒಬ್ಬರು ಹೆಂಗಸು, ಮೂಲೆಗಳನ್ನ ತುಂಬಿಸಿ ದುಂಡಗೆ ಎಳೆದ್ರು, 1,600 ಗ್ರಾಫ್ಟ್ (ಹಿಂದಿಂದ ತೆಗೆದು ನೆಡೋ ಬುಡ), ಒಂದಕ್ಕೆ 40 ರೂಪಾಯಿ, ಅಂದ್ರೆ 64,000. ನೆಟ್ಟ ಕೂದಲು ಮೊದಲು ಉದುರಿ ಆಮೇಲೆ ಬರುತ್ತೆ, ಪೂರ್ತಿ ಕಾಣೋಕೆ ಒಂದು ವರ್ಷ ಅಂತ ಮೊದಲೇ ಹೇಳಿದ್ರು, ನನಗೆ ಇಷ್ಟ ಆಗಿದ್ದೇ ಅದು. ಮುಂದಿನ ತಿಂಗಳು ಡೇಟ್ ಕೊಟ್ಟಿದಾರೆ.

ಎರಡನೇ ಡಾಕ್ಟರ್ ಎಳೆದ ಆ ದುಂಡನೆ ಗೆರೆ ಅಳಿಸೋಕೆ ಮುಂಚೆ ಫೋಟೋ ತೆಗೆದು ಅಮ್ಮಂಗೆ ವಾಟ್ಸಾಪ್ ಮಾಡಿದೆ. ಅರ್ಧ ಗಂಟೆ ಬ್ಲೂ ಟಿಕ್ ಬಂದು ಸುಮ್ನಿತ್ತು. ಆಮೇಲೆ ವಾಯ್ಸ್ ನೋಟ್, ಹಿಂದೆ ಕುಕ್ಕರ್ ಕೂಗ್ತಿತ್ತು, "ಇನ್ನೊಂಚೂರು ಕೆಳಗೆ ಇಳಿಸೋಕೆ ಹೇಳೇ, ನಮ್ಮ ಕಡೆ ಹೆಂಗಸರ ಹಣೆ ಇಷ್ಟಗಲ ಇರಲ್ಲ ಕಣೇ."

ಡಾಕ್ಟರಿಗೆ ಕೇಳಿಸಿದೆ. ಆಗಲ್ಲ, ಗ್ರಾಫ್ಟ್ ಸಾಲಲ್ಲ ಅಂದ್ರು.